ಲಿಸ್ಟಲ್ಲಿ ಹೆಸರು ಬಂದ ಮೇಲೆ: ಕಾಸರಗೋಡಿನ ಕನ್ನಡಿಗರೂ ಪಿಎಸ್‌ಸಿಯ ಲೆಕ್ಕಾಚಾರವೂ

ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಮದುವೆಮನೆಯ ಪಂಕ್ತಿಯಲ್ಲಿ ಮಕ್ಕಳ ಓದಿನ ಮಾತು ಬಂದರೆ ಅದು ಪಿಎಸ್‌ಸಿಯನ್ನು ಮುಟ್ಟದೆ ಮುಗಿಯುವುದಿಲ್ಲ. “ಮಗಳದ್ದು ಲಿಸ್ಟಲ್ಲಿ ಬಂದಿದೆ” ಎಂದು ತಾಯಿ ಹೇಳಿದರೆ ಮಂಗಳೂರಿನಿಂದ ಬಂದ ನೆಂಟರು “ಹಾಗಾದರೆ ಕೆಲಸ ಆಯ್ತಲ್ಲ, ಪೋಸ್ಟಿಂಗ್ ಎಲ್ಲಿಗೆ?” ಎಂದು ಕೇಳುತ್ತಾರೆ. ಇಲ್ಲಿನವರು ಹಾಗೆ ಕೇಳುವುದಿಲ್ಲ. “ಮೈನಲ್ಲೋ, ಸಪ್ಲಿಮೆಂಟರಿಯಲ್ಲೋ? ನಂಬ್ರ ಎಷ್ಟು? ಅಡ್ವೈಸ್ ಎಲ್ಲಿವರೆಗೆ ಹೋಗಿದೆ?” ಎಂದು ವಿಚಾರಿಸುತ್ತಾರೆ. ಈ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಾದರೆ ಕೇರಳ ಲೋಕಸೇವಾ ಆಯೋಗ ಹೇಗೆ ಕೆಲಸ ಮಾಡುತ್ತದೆ ಎಂಬುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ನೆಂಟರ ತಪ್ಪೇನಿಲ್ಲ. ಕರ್ನಾಟಕದಲ್ಲಿ ಇಷ್ಟು ಹುದ್ದೆ ಎಂದು ಮೊದಲೇ ಎಣಿಸಿ ಪ್ರಕಟಣೆ ಹೊರಡಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅಷ್ಟೇ ಮಂದಿಯ ಆಯ್ಕೆಪಟ್ಟಿ ಬರುತ್ತದೆ, ಹೆಸರಿದ್ದರೆ ಕೆಲಸ ಬಹುತೇಕ ಖಚಿತ. ಕೇರಳದ ಪಟ್ಟಿ ಬೇರೆ ಜಾತಿಯದು. ಅದು ಪ್ರಕಟವಾದ ದಿನ ಎಷ್ಟು ಹುದ್ದೆ ಖಾಲಿ ಇತ್ತೆಂಬುದು ಮುಖ್ಯವೇ ಅಲ್ಲ. ಪಟ್ಟಿ ಜೀವಂತವಾಗಿರುವಷ್ಟು ಕಾಲ, ಅಂದರೆ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ, ಹೆಚ್ಚೆಂದರೆ ಮೂರು ವರ್ಷ, ಇಲಾಖೆಗಳಲ್ಲಿ ಯಾರಾದರೂ ನಿವೃತ್ತರಾಗಿ, ಬಡ್ತಿ ಪಡೆದು ಅಥವಾ ತೀರಿಹೋಗಿ ತೆರವಾಗುವ ಜಾಗಗಳಿಗೆಲ್ಲ ಅದೇ ಪಟ್ಟಿಯಿಂದ ಹೆಸರು ಕಳಿಸುತ್ತ ಹೋಗುತ್ತಾರೆ. ಹಾಗಾಗಿ ಪಟ್ಟಿಯಲ್ಲಿ ಇರುವುದು ಎಂದರೆ ಸಾಲಿನಲ್ಲಿ ನಿಂತಿರುವುದು. ಸಾಲು ಮುಂದೆ ಹೋಗುತ್ತದೋ, ಕೌಂಟರ್ ಮುಚ್ಚುತ್ತದೋ ಎಂಬುದು ಆಮೇಲಿನ ಮಾತು.

ಕೌಂಟರ್ ಮುಚ್ಚುವ ಭಯ ಸುಮ್ಮನೆ ಹುಟ್ಟಿದ್ದಲ್ಲ. 2021ರ ಆರಂಭದಲ್ಲಿ ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಪಟ್ಟಿಯಲ್ಲಿದ್ದ ಯುವಕ ಯುವತಿಯರು ಮಂಡಿಯೂರಿ ತೆವಳಿದರು. ತಮ್ಮ ಪಟ್ಟಿಯ ಅವಧಿ ಮುಗಿಯುವ ಮೊದಲು ಖಾಲಿ ಹುದ್ದೆಗಳನ್ನು ತಿಳಿಸಿ ಎಂಬುದೇ ಅವರ ಬೇಡಿಕೆಯ ತಿರುಳು. ಯಾಕೆಂದರೆ ಹುದ್ದೆ ಖಾಲಿಯಾದ ಸುದ್ದಿ ಆಯೋಗಕ್ಕೆ ತಾನಾಗಿ ತಲುಪುವುದಿಲ್ಲ. ಇಲಾಖೆಯ ಮುಖ್ಯಸ್ಥರು ‘ವರದಿ’ ಮಾಡಬೇಕು. ಅವರು ತಡಮಾಡಿದರೆ, ಅಥವಾ ಆ ಜಾಗದಲ್ಲಿ ತಾತ್ಕಾಲಿಕದವರನ್ನು ಕೂರಿಸಿ ಸುಮ್ಮನಾದರೆ, ಪಟ್ಟಿಯ ಗಡಿಯಾರ ಓಡುತ್ತಲೇ ಇರುತ್ತದೆ.

ಹುದ್ದೆ ವರದಿಯಾಯಿತು ಎನ್ನಿ. ಆಗ ಯಾರಿಗೆ ಕರೆ? ಒಂದನೇ ನಂಬ್ರದವರಿಂದ ಸಾಲಾಗಿ ಇಳಿದುಬರುತ್ತಾರೆ ಎಂದು ಹಲವರ ಎಣಿಕೆ. ಅದು ಅರ್ಧ ಸತ್ಯ. 1958ರ ಕೇರಳ ರಾಜ್ಯ ಮತ್ತು ಅಧೀನ ಸೇವಾ ನಿಯಮಗಳು ನೇಮಕವನ್ನು ಇಪ್ಪತ್ತು ಇಪ್ಪತ್ತರ ಕಂತುಗಳಾಗಿ ಕತ್ತರಿಸುತ್ತವೆ. ಹತ್ತು ಸ್ಥಾನ ಮುಕ್ತ ಸ್ಪರ್ಧೆಗೆ, ಎಂಟು ಹಿಂದುಳಿದ ವರ್ಗಗಳಿಗೆ, ಎರಡು ಪರಿಶಿಷ್ಟ ಜಾತಿ ಪಂಗಡಗಳಿಗೆ. ಸರದಿ ಹೀಗೆ ಓಡುತ್ತದೆ: ಮೊದಲನೆಯದು ಮುಕ್ತ, ಎರಡನೆಯದು ಈಳವ-ತೀಯ-ಬಿಲ್ಲವರ ಗುಂಪಿಗೆ, ಮೂರನೆಯದು ಮುಕ್ತ, ನಾಲ್ಕನೆಯದು ಪರಿಶಿಷ್ಟ ಜಾತಿಗೆ, ಐದನೆಯದು ಮುಕ್ತ, ಆರನೆಯದು ಮುಸ್ಲಿಮರಿಗೆ, ಹೀಗೆ. 2020ರಿಂದ ಮೀಸಲಾತಿ ಇಲ್ಲದ ವರ್ಗಗಳ ಬಡವರಿಗೂ ಮುಕ್ತ ಭಾಗದಿಂದ ಹತ್ತು ಶೇಕಡಾ ಸೇರಿಸಿದ್ದಾರೆ. ತಿರುವನಂತಪುರದ ಈಳವರಿಗೂ ಮಂಜೇಶ್ವರದ ಬಿಲ್ಲವರಿಗೂ ಒಂದೇ ಗುಂಪು, ಹದಿನಾಲ್ಕು ಶೇಕಡಾ. ಅಂಕದ ಬಲದಿಂದಲೇ ಮುಕ್ತ ಸರದಿಯಲ್ಲಿ ಬಂದವರನ್ನು ಮೀಸಲಿನ ಲೆಕ್ಕಕ್ಕೆ ಜಮೆ ಮಾಡುವ ಹಾಗಿಲ್ಲ ಎಂಬುದು ನಿಯಮ. ಮುಖ್ಯ ಪಟ್ಟಿಯಲ್ಲಿ ಒಂದು ಸಮುದಾಯದವರು ಸಾಕಷ್ಟು ಇಲ್ಲದಿದ್ದರೆ ಆ ಸಮುದಾಯದ್ದೇ ಪೂರಕ ಪಟ್ಟಿಯಿಂದ ತೆಗೆಯುತ್ತಾರೆ. ಅಲ್ಲೂ ಯಾರೂ ಇಲ್ಲವಾದರೆ ಸ್ಥಾನವನ್ನು ಬೇರೆಯವರಿಗೆ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ, ಆ ಸಮುದಾಯಕ್ಕೆ ಮಾತ್ರ ಎಂದು ಮತ್ತೆ ಪ್ರಕಟಣೆ ಹೊರಡಿಸುತ್ತಾರೆ. ಅದಕ್ಕೆ ಎನ್‌ಸಿಎ ಎಂದು ಹೆಸರು. ಹೀಗಾಗಿ ನಲವತ್ತನೇ ನಂಬ್ರದ ಹುಡುಗಿಗೆ ಇಪ್ಪತ್ತೆಂಟನೆಯವಳಿಗಿಂತ ಮೊದಲು ಕರೆ ಬಂದರೆ ಗಾಬರಿಪಡಬೇಕಾಗಿಲ್ಲ. ಸರದಿಯ ಕೋಷ್ಟಕ ತೆಗೆದು ನೋಡಿದರೆ ಕಾರಣ ಅಲ್ಲೇ ಇರುತ್ತದೆ.

ಆಯೋಗ ಕಳಿಸುವ ಕಾಗದವೇ ಅಡ್ವೈಸ್ ಮೆಮೊ. ಅದರಲ್ಲಿ ಒಂದು ಹುದ್ದೆಗೆ ಒಂದೇ ಹೆಸರು. ಇಲಾಖೆಯ ಅಧಿಕಾರಿಗೆ “ಇವರು ಬೇಡ, ಇನ್ನೊಬ್ಬರನ್ನು ಕೊಡಿ” ಎನ್ನುವ ಅವಕಾಶವಿಲ್ಲ. ಮೂರು ತಿಂಗಳ ಒಳಗೆ ನೇಮಕದ ಆದೇಶ ಕೊಡಬೇಕು. ಆದೇಶ ಬಂದವರು ಸೇರದಿದ್ದರೆ ಆ ಜಾಗ ‘ಎನ್‌ಜೆಡಿ’ ಎಂದು ಹಿಂದಿರುಗಿ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ. ಅರ್ಜಿಗೆ ಶುಲ್ಕವಿಲ್ಲ. ‘ತುಳಸಿ’ ಎಂಬ ತಾಣದಲ್ಲಿ ಒಮ್ಮೆ ನೋಂದಾಯಿಸಿಕೊಂಡರೆ ಮತ್ತೆ ಮತ್ತೆ ಸರ್ಟಿಫಿಕೇಟು ಲಗತ್ತಿಸುವ ರಗಳೆ ಇಲ್ಲ. ಅರ್ಜಿ ಹಾಕಿದ ಮೇಲೆ ಪರೀಕ್ಷೆಗೆ ಮೊದಲು “ನಾನು ಬರೆಯುತ್ತೇನೆ” ಎಂದು ಅದೇ ತಾಣದಲ್ಲಿ ಖಚಿತಪಡಿಸಬೇಕು. ಇದನ್ನು ಮರೆತು ಹಾಲ್ ಟಿಕೆಟ್ ಸಿಗದೆ ಪೆಚ್ಚಾಗುವವರು ಪ್ರತಿ ಊರಿನಲ್ಲೂ ಇದ್ದಾರೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ? ಒಬ್ಬ ಅನುಭವಿ ಅಧಿಕಾರಿಗೆ ಹತ್ತು ಮಂದಿಯನ್ನು ಕೂರಿಸಿ ಮಾತಾಡಿಸಿ ತನಗೆ ಬೇಕಾದವರನ್ನು ಆರಿಸಿಕೊಳ್ಳಲು ಬಿಟ್ಟರೆ ಆಗದೇ? ಆಗುವುದಿಲ್ಲ ಎಂಬುದನ್ನು ಜಗತ್ತು ಹತ್ತೊಂಬತ್ತನೇ ಶತಮಾನದಲ್ಲಿ ಪೆಟ್ಟು ತಿಂದು ಕಲಿಯಿತು. ಆ ಕಥೆಯ ದೊಡ್ಡ ಅಧ್ಯಾಯ ಅಮೆರಿಕದ್ದು.

ಆ್ಯಂಡ್ರೂ ಜಾಕ್ಸನ್ ಅಧ್ಯಕ್ಷನಾದ 1829ರಿಂದೀಚೆಗೆ ಅಲ್ಲಿ ಒಂದು ಪದ್ಧತಿ ಗಟ್ಟಿಯಾಯಿತು. ಚುನಾವಣೆ ಗೆದ್ದ ಪಕ್ಷ ಅಂಚೆ ಕಚೇರಿಯಿಂದ ಸುಂಕದ ಕಟ್ಟೆಯವರೆಗೆ ತನ್ನವರನ್ನು ತುಂಬುವುದು, ಹೀಗೆ ತುಂಬಿದವರು ತಮ್ಮ ಸಂಬಳದ ಒಂದು ಪಾಲನ್ನು ಪಕ್ಷಕ್ಕೆ ಒಪ್ಪಿಸುವುದು. ನಾಲ್ಕು ವರ್ಷಕ್ಕೊಮ್ಮೆ ಇಡೀ ಕಚೇರಿ ಮಗುಚಿ ಬೀಳುತ್ತಿತ್ತು. 1881ರ ಜುಲೈ 2ರಂದು ಚಾರ್ಲ್ಸ್ ಗಿಟೋ ಎಂಬವನು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್‌ಗೆ ಗುಂಡು ಹೊಡೆದ. ಚುನಾವಣೆಯಲ್ಲಿ ತಾನು ದುಡಿದಿದ್ದೇನೆ, ಪ್ಯಾರಿಸಿನ ಕಾನ್ಸಲ್ ಹುದ್ದೆ ತನಗೆ ಬರಬೇಕಿತ್ತು ಎಂಬುದು ಅವನ ತಲೆಗೇರಿದ ಹುಚ್ಚು. ಗಾರ್‌ಫೀಲ್ಡ್ ಸೆಪ್ಟೆಂಬರ್ 19ರಂದು ಸತ್ತ. ಉಪಾಧ್ಯಕ್ಷನಾಗಿದ್ದ ಚೆಸ್ಟರ್ ಆರ್ಥರ್ ಅಧ್ಯಕ್ಷನಾದ. ಈ ಆರ್ಥರ್ ನ್ಯೂಯಾರ್ಕಿನ ಸುಂಕದ ಕಚೇರಿಯ ಮುಖ್ಯಸ್ಥನಾಗಿ ಪಕ್ಷದವರಿಗೆ ಕೆಲಸ ಹಂಚುವುದರಲ್ಲಿ ಪಳಗಿದ ಕೈ, ಅದೇ ಕಾರಣಕ್ಕೆ ಹಿಂದೊಮ್ಮೆ ಹುದ್ದೆ ಕಳೆದುಕೊಂಡವನು. ಇವನಿಂದ ಸುಧಾರಣೆಯೇ ಎಂದು ಎಲ್ಲರೂ ನಕ್ಕಿರಬೇಕು. 1883ರ ಜನವರಿ 16ರಂದು ಪೆಂಡಲ್ಟನ್ ಕಾಯ್ದೆಗೆ ಸಹಿ ಹಾಕಿದವನು ಅವನೇ.

ಆ ಕಾಯ್ದೆಯ ಕಲಮುಗಳನ್ನು ಓದಿದರೆ ಕಾಸರಗೋಡಿನ ಅಭ್ಯರ್ಥಿಗೆ ಪರಿಚಿತ ಮುಖಗಳು ಕಾಣುತ್ತವೆ. ಬಹಿರಂಗ ಸ್ಪರ್ಧಾ ಪರೀಕ್ಷೆ, ಹೆಚ್ಚು ಅಂಕದವರಿಂದ ನೇಮಕ, ಕಾಯಂ ಆಗುವ ಮೊದಲು ಪ್ರೊಬೇಷನ್, ಪಕ್ಷಕ್ಕೆ ವಂತಿಗೆ ಕೊಡೆಂದು ನೌಕರರನ್ನು ಪೀಡಿಸುವಂತಿಲ್ಲ, ಮೂವರು ಸದಸ್ಯರ ಆಯೋಗದಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಒಂದೇ ಪಕ್ಷದವರಿರಬಾರದು. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ, ‘ಅರ್ಹತೆ ಬೇರೆ, ಹಂಚಿಕೆ ಬೇರೆ’ ಎಂದು ವಾದಿಸುವವರು ಅದನ್ನು ಗಮನಿಸುವುದೇ ಇಲ್ಲ. ವಾಷಿಂಗ್ಟನ್ನಿನ ಇಲಾಖೆಗಳ ಹುದ್ದೆಗಳನ್ನು ಜನಸಂಖ್ಯೆಗೆ ಅನುಗುಣವಾಗಿ ರಾಜ್ಯ ರಾಜ್ಯಗಳಿಗೆ ಹಂಚಬೇಕು ಎಂದು ಅದೇ ಕಾಯ್ದೆ ಹೇಳಿತು. ಅಮೆರಿಕದ ಅರ್ಹತೆಯ ಮೊದಲ ದೊಡ್ಡ ಕಾನೂನೇ ಹಂಚಿಕೆಯನ್ನೂ ಕೈಬಿಡಲಿಲ್ಲ. ಕಾಯ್ದೆಯ ಇನ್ನೊಂದು ಮಾತು: ಪರೀಕ್ಷೆಗಳು ವ್ಯಾವಹಾರಿಕವಾಗಿರಬೇಕು, ಆ ಕೆಲಸಕ್ಕೆ ಬೇಕಾದ ಸಾಮರ್ಥ್ಯವನ್ನು ಅಳೆಯುವಂತಿರಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕನ್ನಡ ಶಾಲೆಗಳ ವಿಚಾರ ಬಂದಾಗ ಬೇಕಾಗುತ್ತದೆ.

ಆರಂಭದಲ್ಲಿ ಕಾಯ್ದೆಯ ಕೆಳಗೆ ಬಂದದ್ದು ಒಕ್ಕೂಟ ಸರಕಾರದ ಹತ್ತರಲ್ಲೊಂದು ಪಾಲು ಹುದ್ದೆ ಮಾತ್ರ. ಅದು ಹಿಗ್ಗಿದ್ದು ಆದರ್ಶದಿಂದಲೇ ಎಂದು ನಂಬಬೇಕಾಗಿಲ್ಲ. ಸೋತು ಮನೆಗೆ ಹೋಗುವ ಅಧ್ಯಕ್ಷರು, ತಾವು ನೇಮಿಸಿದವರನ್ನು ಮುಂದಿನವರು ಕಿತ್ತುಹಾಕದಿರಲಿ ಎಂದು, ಹೊರಡುವ ಮುಂಚೆ ಆ ಹುದ್ದೆಗಳನ್ನೆಲ್ಲ ಸಂರಕ್ಷಿತ ಪಟ್ಟಿಗೆ ಸೇರಿಸಿಬಿಡುತ್ತಿದ್ದರು. ಸ್ವಾರ್ಥವೇ ಸುಧಾರಣೆಯ ಕೂಲಿಯಾಳಾಯಿತು.

ಅಮೆರಿಕ ಒಂದು ಸಂದಿಯನ್ನು ಮಾತ್ರ ಬಿಟ್ಟಿತ್ತು. ಆಯೋಗ ಒಂದು ಹುದ್ದೆಗೆ ಮೂವರ ಹೆಸರು ಕಳಿಸುತ್ತಿತ್ತು, ಅಧಿಕಾರಿ ಅವರಲ್ಲಿ ಒಬ್ಬರನ್ನು ಆರಿಸಿಕೊಳ್ಳಬಹುದಿತ್ತು. ವುಡ್ರೊ ವಿಲ್ಸನ್ ಕಾಲದಲ್ಲಿ, 1914ರಲ್ಲಿ, ಅರ್ಜಿಯ ಜೊತೆ ಫೋಟೊ ಕಡ್ಡಾಯವಾಯಿತು. ಮೂವರ ಹೆಸರು, ಮೂವರ ಮುಖ. ಕಪ್ಪು ಜನರನ್ನು ದೂರ ಇಡಲು ಅಷ್ಟೇ ಸಾಕಿತ್ತು, ಕಾನೂನು ಮುರಿಯಬೇಕೆಂದೇ ಇರಲಿಲ್ಲ. ಕೇರಳದ ಅಡ್ವೈಸ್ ಮೆಮೊದಲ್ಲಿ ಒಂದೇ ಹೆಸರು ಇರುವುದು ಎಂಥ ದೊಡ್ಡ ಸಂಗತಿ ಎಂದು ತಿಳಿಯಬೇಕಾದರೆ ಈ ಫೋಟೊದ ಕಥೆ ಗೊತ್ತಿರಬೇಕು.

ನಮ್ಮ ಕಡೆಯ ಪರೀಕ್ಷೆಯ ಬೇರು ಅಮೆರಿಕದಲ್ಲಿಲ್ಲ, ಲಂಡನ್ನಿನಲ್ಲಿದೆ. ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕರು ತಮ್ಮ ನೆಂಟರಿಷ್ಟರನ್ನು ಭಾರತಕ್ಕೆ ಕಳಿಸುತ್ತಿದ್ದ ಪದ್ಧತಿಯನ್ನು ನಿಲ್ಲಿಸಿ 1854ರಲ್ಲಿ ಮೆಕಾಲೆಯ ಸಮಿತಿ ಸ್ಪರ್ಧಾ ಪರೀಕ್ಷೆಯನ್ನು ಸೂಚಿಸಿತು. 1855ರಲ್ಲಿ ಮೊದಲ ಪರೀಕ್ಷೆ ನಡೆಯಿತು. ನಡೆಯುತ್ತಿದ್ದುದು ಲಂಡನ್ನಿನಲ್ಲಿ ಮಾತ್ರ. 1863ರಲ್ಲಿ ಸತ್ಯೇಂದ್ರನಾಥ ಟಾಗೋರ್ ಪಾಸಾದ ಮೊದಲ ಭಾರತೀಯರಾದರು. ಭಾರತದ ನೆಲದಲ್ಲಿ ಆ ಪರೀಕ್ಷೆ ನಡೆಯಲು 1922 ಬರಬೇಕಾಯಿತು. ಪರೀಕ್ಷೆ ಬಹಿರಂಗವಾದರೆ ಸಾಲದು, ಎಲ್ಲಿ ನಡೆಯುತ್ತದೆ, ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದೂ ಫಲಿತಾಂಶವನ್ನು ಬರೆಯುತ್ತದೆ.

ದಕ್ಷಿಣದ ಕಥೆಯಲ್ಲಿ ನಮಗೆ ಹತ್ತಿರದ ಒಬ್ಬ ಮನುಷ್ಯನಿದ್ದಾನೆ: ಡಾ. ಪದ್ಮನಾಭನ್ ಪಲ್ಪು. ವೈದ್ಯ ಪದವಿ ಇದ್ದರೂ ಈಳವನೆಂಬ ಕಾರಣಕ್ಕೆ ತಿರುವಿತಾಂಕೂರು ಸಂಸ್ಥಾನ ಕೆಲಸ ಕೊಡಲಿಲ್ಲ. ಅವರಿಗೆ ಕೆಲಸ ಸಿಕ್ಕಿದ್ದು ಮೈಸೂರು ಸಂಸ್ಥಾನದಲ್ಲಿ. ಬೆಂಗಳೂರಿಗೆ ಪ್ಲೇಗ್ ಬಡಿದಾಗ ಅಲ್ಲಿದ್ದು ದುಡಿದವರಲ್ಲಿ ಅವರೂ ಒಬ್ಬರು. ಹೊರಗಿನವರೇ ಸರಕಾರಿ ಹುದ್ದೆಗಳನ್ನು ತುಂಬಿಕೊಂಡಿದ್ದಾರೆಂದು 1891ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿ ತಿರುವಿತಾಂಕೂರಿನ ಮಹಾರಾಜರಿಗೆ ‘ಮಲಯಾಳಿ ಮೆಮೋರಿಯಲ್’ ಸಲ್ಲಿಸಿದರು. ಐದು ವರ್ಷದ ಮೇಲೆ, 1896ರಲ್ಲಿ, ಪಲ್ಪು ಹದಿಮೂರು ಸಾವಿರಕ್ಕೂ ಮಿಕ್ಕಿದ ಸಹಿಗಳ ‘ಈಳವ ಮೆಮೋರಿಯಲ್’ ಕೊಟ್ಟರು. ಮೊದಲ ಅರ್ಜಿ ಪರವೂರಿನವರ ವಿರುದ್ಧ, ಎರಡನೆಯದು ಊರಿನೊಳಗಿನ ಬಾಗಿಲು ತೆರೆಯಿರಿ ಎಂದು. 1932ರ ಬಳಿಕ ಈಳವರು, ಕ್ರೈಸ್ತರು, ಮುಸ್ಲಿಮರು ಸೇರಿ ನಡೆಸಿದ ನಿವರ್ತನ ಚಳವಳಿಯ ಒತ್ತಡಕ್ಕೆ ಸಂಸ್ಥಾನ ಮಣಿಯಿತು. 1936ರಲ್ಲಿ ಡಾ. ಜಿ.ಡಿ. ನೋಕ್ಸ್ ತಿರುವಿತಾಂಕೂರಿನ ಮೊದಲ ಪಬ್ಲಿಕ್ ಸರ್ವಿಸ್ ಕಮಿಷನರ್ ಆದರು. 1949ರಲ್ಲಿ ತಿರುವಿತಾಂಕೂರು-ಕೊಚ್ಚಿ ಆಯೋಗ, 1956ರಲ್ಲಿ ಕೇರಳದ್ದು. ಅಮೆರಿಕದಲ್ಲಿ ಪಕ್ಷದ ಹಿಡಿತ ತಪ್ಪಿಸಲು ಹುಟ್ಟಿದ ಆಯೋಗ ಇಲ್ಲಿ ಹುಟ್ಟಿದ್ದು ಜಾತಿಯ ಹಿಡಿತ ಸಡಿಲಿಸಲು. ಕೇರಳದ ಯಂತ್ರದಲ್ಲಿ ಸರದಿಯ ಹಲ್ಲುಗಳು ಇಷ್ಟು ಆಳವಾಗಿ ಕೂತಿರುವುದಕ್ಕೆ ಇದು ಕಾರಣ.

ಕಾಸರಗೋಡಿಗೆ ಇದು ಅತ್ತೆಮನೆಯ ಚರಿತ್ರೆ. ತವರಿನದು ಬೇರೆ. 1956ರ ನವೆಂಬರ್ 1ರವರೆಗೆ ಇದು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮದರಾಸಿನಲ್ಲಿ 1924ರಲ್ಲಿ ಸಿಬ್ಬಂದಿ ಆಯ್ಕೆ ಮಂಡಳಿ, 1929ರಲ್ಲಿ ಕಾಯ್ದೆಯ ಮೂಲಕ ಸರ್ವಿಸ್ ಕಮಿಷನ್ ಬಂತು. ಭಾರತದ ಪ್ರಾಂತ್ಯಗಳಲ್ಲಿ ಅದೇ ಮೊದಲನೆಯದು. ಅಂದರೆ ತಿರುವನಂತಪುರ ನೋಡುವುದಕ್ಕೆ ಏಳು ವರ್ಷ ಮೊದಲೇ ಕಾಸರಗೋಡು ಇಂಥದೊಂದು ಆಯೋಗದ ಕೆಳಗೆ ಬಂದಿತ್ತು. ಅಲ್ಲೂ ಸರದಿ ಇತ್ತು: ಹನ್ನೆರಡು ಹುದ್ದೆಗೊಂದು ಕಂತು, ಐದು ಬ್ರಾಹ್ಮಣೇತರ ಹಿಂದೂಗಳಿಗೆ, ಬ್ರಾಹ್ಮಣರಿಗೆ, ಮುಸ್ಲಿಮರಿಗೆ, ಕ್ರೈಸ್ತರು ಮತ್ತು ಆಂಗ್ಲೋ ಇಂಡಿಯನ್ನರಿಗೆ ಎರಡೆರಡು, ದಲಿತರಿಗೆ ಒಂದು. ಸಂವಿಧಾನ ಬಂದ ಮೇಲೆ, 1951ರಲ್ಲಿ, ಸುಪ್ರೀಂ ಕೋರ್ಟು ಈ ಲೆಕ್ಕವನ್ನು ಹಾಗೇ ಉಳಿಯಗೊಡಲಿಲ್ಲ. ಅತ್ತ ಮೈಸೂರಿನಲ್ಲೂ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲು ಹಿಂದುಳಿದವರಿಗೆ ಸಿಗಬೇಕೆಂದು ಆ ಸಮಿತಿ ಹೇಳಿತು. ದಿವಾನ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ದಕ್ಷತೆ ದೊಡ್ಡದೋ ಪ್ರಾತಿನಿಧ್ಯ ದೊಡ್ಡದೋ ಎಂಬ ಜಗಳ ನಮ್ಮ ಭಾಷೆಯಲ್ಲಿ ನೂರು ವರ್ಷ ದಾಟಿದೆ.

ಈಗ ಇವತ್ತಿನ ಕಾಸರಗೋಡಿಗೆ ಬರೋಣ. ಜಿಲ್ಲೆ ಆದದ್ದು 1984ರ ಮೇ 24ರಂದು, ಅಲ್ಲಿಯವರೆಗೆ ಕಣ್ಣೂರಿನ ಭಾಗ. ಜಿಲ್ಲೆಯಾದದ್ದರಿಂದ ನೇಮಕದ ಮಟ್ಟಿಗೆ ಒಂದು ದೊಡ್ಡ ವ್ಯತ್ಯಾಸವಾಯಿತು, ಯಾಕೆಂದರೆ ಕ್ಲರ್ಕ್, ಕೊನೆಯ ದರ್ಜೆಯ ನೌಕರ, ಪ್ರೈಮರಿ ಶಿಕ್ಷಕರಂಥ ಹುದ್ದೆಗಳಿಗೆ ಕೇರಳದಲ್ಲಿ ಜಿಲ್ಲಾವಾರು ಪಟ್ಟಿ. ಒಬ್ಬರು ಒಂದು ಜಿಲ್ಲೆಗೆ ಮಾತ್ರ ಅರ್ಜಿ ಹಾಕಬಹುದು. ಆದರೆ ಆ ಜಿಲ್ಲೆ ತನ್ನದೇ ಆಗಿರಬೇಕೆಂದಿಲ್ಲ. ಸಂವಿಧಾನದ 16ನೇ ವಿಧಿ ವಾಸಸ್ಥಳದ ಕಾರಣಕ್ಕೆ ಸರಕಾರಿ ನೌಕರಿಯಲ್ಲಿ ಭೇದ ಮಾಡುವುದನ್ನು ತಡೆಯುತ್ತದೆ, ವಿನಾಯಿತಿ ಕೊಡುವ ಅಧಿಕಾರ ಸಂಸತ್ತಿಗೆ ಮಾತ್ರ. ಹಾಗಾಗಿ ದಕ್ಷಿಣದ ಜಿಲ್ಲೆಗಳವರು ಪೈಪೋಟಿ ಕಮ್ಮಿ ಎಂಬ ಲೆಕ್ಕದಲ್ಲಿ ಕಾಸರಗೋಡಿಗೆ ಬರೆದು, ಇಲ್ಲಿ ಸೇರಿ, ಐದು ವರ್ಷದ ಮೇಲೆ ಅಂತರ್‌ಜಿಲ್ಲಾ ವರ್ಗಾವಣೆಗೆ ಅರ್ಜಿ ಕೊಟ್ಟು ಊರಿನ ರೈಲು ಹತ್ತುವುದು ನಡೆಯುತ್ತ ಬಂದಿದೆ. ಅವರನ್ನು ಬೈದು ಪ್ರಯೋಜನವಿಲ್ಲ, ನಿಯಮ ಕೊಟ್ಟ ದಾರಿಯಲ್ಲೇ ಹೋಗುತ್ತಾರೆ. ಖಾಲಿ ಕುರ್ಚಿ ಮಾತ್ರ ಇಲ್ಲಿ ಉಳಿಯುತ್ತದೆ.

“ಕಾಸರಗೋಡಿನವರಿಗೇ ಕೊಡಿ” ಎನ್ನಲು ಕಾನೂನು ಬಿಡುವುದಿಲ್ಲ. “ಕನ್ನಡ ಗೊತ್ತಿರುವವರಿಗೆ ಕೊಡಿ” ಎನ್ನಲು ಬಿಡುತ್ತದೆ. ಹುದ್ದೆಯ ಕೆಲಸಕ್ಕೆ ಒಂದು ಭಾಷೆ ಬೇಕಿದ್ದರೆ ಅದು ವಿದ್ಯಾರ್ಹತೆಯ ಭಾಗವಾಗಬಹುದು. ಅದಕ್ಕೇ ಪಿಎಸ್‌ಸಿಯ ಪ್ರಕಟಣೆಗಳಲ್ಲಿ ಕಾಸರಗೋಡಿಗೆ ‘ಕನ್ನಡ ಮತ್ತು ಮಲಯಾಳ ಬಲ್ಲ’ ಕ್ಲರ್ಕ್, ‘ಕನ್ನಡ ಮಾಧ್ಯಮ’ದ ಎಲ್‌ಪಿ, ಯುಪಿ, ಹೈಸ್ಕೂಲ್ ಶಿಕ್ಷಕ ಎಂದು ಬೇರೆಯೇ ಹುದ್ದೆಗಳು ಕಾಣಿಸುತ್ತವೆ. ಇವುಗಳ ಪಟ್ಟಿ ಬೇರೆ, ಸರದಿ ಬೇರೆ. ಇವನ್ನು ಅಲ್ಪಸಂಖ್ಯಾತರಿಗೆ ಸರಕಾರ ತೋರಿದ ಔದಾರ್ಯ ಎಂದು ಕೆಲವರು ಮಾತಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪೈವಳಿಕೆಯ ಗ್ರಾಮ ಕಚೇರಿಗೆ ಬರುವ ಮುದುಕಿ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳಲು ಬಾರದ ಗುಮಾಸ್ತ, ಸಾಮಾನ್ಯ ಜ್ಞಾನದಲ್ಲಿ ನೂರಕ್ಕೆ ತೊಂಬತ್ತು ತೆಗೆದಿದ್ದರೂ, ಆ ಕುರ್ಚಿಗೆ ಅರ್ಹನಲ್ಲ. ಭಾಷೆ ಇಲ್ಲಿ ದಾಕ್ಷಿಣ್ಯದ ವಿಷಯವಲ್ಲ, ಅರ್ಹತೆಯ ವಿಷಯ.

ತಕರಾರು ಹುಟ್ಟುವುದು ‘ಕನ್ನಡ ಗೊತ್ತು’ ಎಂಬುದನ್ನು ಅಳೆಯುವ ಬಗೆಯಲ್ಲಿ. ಕಾಗದದ ಮೇಲಿನ ಅರ್ಹತೆ ಸಾಕೇ? ತರಗತಿಯಲ್ಲಿ ನಿಂತು ಭಿನ್ನರಾಶಿಯನ್ನೋ ಪ್ಲಾಸಿ ಕದನವನ್ನೋ ಕನ್ನಡದಲ್ಲಿ ವಿವರಿಸಿ ತೋರಿಸಬೇಡವೇ? ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಸರಿಯಾಗಿ ಬಾರದ ಶಿಕ್ಷಕರು ಬಂದರೆಂದು ಮಕ್ಕಳೂ ಹೆತ್ತವರೂ ಶಾಲೆಯ ಎದುರು ಪ್ರತಿಭಟಿಸಿದ ಸುದ್ದಿಗಳು ಜಿಲ್ಲೆಯಲ್ಲಿ ಮತ್ತೆ ಮತ್ತೆ ಬಂದಿವೆ. ಅಲ್ಲಿ ಪಿಎಸ್‌ಸಿ ಲಂಚ ತಿಂದಿಲ್ಲ, ಶಿಕ್ಷಕರು ಕದ್ದು ಬಂದಿಲ್ಲ. ಪರೀಕ್ಷೆ ಪ್ರಾಮಾಣಿಕವಾಗಿತ್ತು, ಅಳೆಯಬೇಕಾದ್ದನ್ನು ಅಳೆಯಲಿಲ್ಲ ಅಷ್ಟೆ. ಪೆಂಡಲ್ಟನ್ ಕಾಯ್ದೆಯ ‘ವ್ಯಾವಹಾರಿಕ ಪರೀಕ್ಷೆ’ಯ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ 1971ರ ಗ್ರಿಗ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ವಿದ್ಯುತ್ ಕಂಪೆನಿಯ ಪ್ರಕರಣದಲ್ಲಿ ಇದನ್ನೇ ಇನ್ನಷ್ಟು ಬಿಗಿಮಾಡಿತು: ಒಂದು ಗುಂಪನ್ನು ಹೊರಗಿಡುವ ಪರೀಕ್ಷೆಗೂ ಕೆಲಸಕ್ಕೂ ಸಂಬಂಧವಿದೆಯೆಂದು ಮಾಲಿಕನೇ ತೋರಿಸಬೇಕು. ಮರುವರ್ಷ ಆ ಕಾನೂನಿನ ವ್ಯಾಪ್ತಿ ಸರಕಾರಿ ನೌಕರಿಗೂ ಹಬ್ಬಿತು. ಇದರ ಇನ್ನೊಂದು ಮಗ್ಗುಲು ನಮಗೆ ಬೇಕಾದ್ದು, ಕೆಲಸಕ್ಕೆ ನಿಜವಾಗಿ ಬೇಕಾದ ಸಾಮರ್ಥ್ಯವನ್ನು ಪರೀಕ್ಷೆಯಿಂದ ಬಿಡಲೂಬಾರದು. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡದಲ್ಲಿ ಹತ್ತು ನಿಮಿಷ ಪಾಠ ಮಾಡಿಸಿ ನೋಡುವುದು ಯಾವ ನಿಯಮಕ್ಕೂ ವಿರುದ್ಧವೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆಪತ್ರಿಕೆಯದು ಮತ್ತೊಂದು ಅಧ್ಯಾಯ. ಎಸ್ಸೆಸ್ಸೆಲ್ಸಿ ಮಟ್ಟದ ಪರೀಕ್ಷೆಗಳಲ್ಲಿ ಮಲಯಾಳದ ಜೊತೆಗೆ ತಮಿಳು, ಕನ್ನಡದಲ್ಲೂ ಪತ್ರಿಕೆ ಪಡೆಯಬಹುದು. ಅದು ತಾನಾಗಿ ಬರುವುದಿಲ್ಲ, ‘ತುಳಸಿ’ಯಲ್ಲಿ ನಾವೇ ಆರಿಸಬೇಕು. ವಸ್ತುನಿಷ್ಠ ಪರೀಕ್ಷೆಯಲ್ಲಿ ನೂರು ಪ್ರಶ್ನೆ, ತಪ್ಪು ಉತ್ತರಕ್ಕೆ ಮೂರರಲ್ಲೊಂದು ಅಂಕ ಕಡಿತ. ಇಂಥಲ್ಲಿ ಅನುವಾದದ ಒಂದು ತಪ್ಪು ಎಷ್ಟು ಮೆಟ್ಟಿಲು ಕೆಳಗೆ ತಳ್ಳುತ್ತದೆ ಎಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಗಡಿನಾಡಿನಲ್ಲಿ ಹೀಗೆ, ಒಳನಾಡಿನಲ್ಲಿ ಚೆನ್ನಾಗಿರಬಹುದು ಎಂದುಕೊಳ್ಳುವವರಿಗೊಂದು ಮಾಹಿತಿ: 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗವೇ ನಡೆಸಿದ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪತ್ರಿಕೆಯ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮರುಪರೀಕ್ಷೆ ಮಾಡಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳಿದ್ದವು. ಕನ್ನಡದ ರಾಜಧಾನಿಯಲ್ಲಿ ಆಗದ್ದನ್ನು ತಿರುವನಂತಪುರದ ಪಟ್ಟಂನಲ್ಲಿರುವ ಪಿಎಸ್‌ಸಿ ಕಚೇರಿಯಿಂದ ನಿರೀಕ್ಷಿಸುವಾಗ ನಮ್ಮ ಧ್ವನಿ ಸ್ವಲ್ಪ ತಗ್ಗುವುದು ಸಹಜ.

ಪಿಎಸ್‌ಸಿ ಎಂಬ ಈ ಗೋಡೆಯ ಸುತ್ತ ಬೇರೆ ಬಾಗಿಲುಗಳೂ ಇವೆ. ದೊಡ್ಡ ಬಾಗಿಲು ಅನುದಾನಿತ ಶಾಲೆಗಳದು. ಜಿಲ್ಲೆಯ ಎಷ್ಟೋ ಹಳೆಯ ಕನ್ನಡ ಶಾಲೆಗಳು ಈ ಬಗೆಯವೇ: ಸಂಬಳ ಸರಕಾರದ್ದು, ನೇಮಕ ಮೆನೇಜರರದ್ದು. 1957ರಲ್ಲಿ ಇ.ಎಂ.ಎಸ್. ಸರಕಾರದ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ತಂದ ಮಸೂದೆಯಲ್ಲಿ ಈ ಶಿಕ್ಷಕರನ್ನೂ ಪಿಎಸ್‌ಸಿ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕೆಂಬ ಕಲಂ ಇತ್ತು. ಆ ಮಸೂದೆ ಎಬ್ಬಿಸಿದ ಬಿರುಗಾಳಿಯಲ್ಲಿ 1959ರಲ್ಲಿ ಸರಕಾರವೇ ಹೋಯಿತು, ಆಮೇಲೆ ಆ ಕಲಮೂ ಹೋಯಿತು. ಅದರಿಂದ ಕನ್ನಡ ಶಾಲೆಗಳಿಗೆ ಲಾಭವೂ ಆಗಿದೆ ಎಂಬುದನ್ನು ಮರೆಮಾಡಬಾರದು. ಮೆನೇಜರರು ಊರಿನ, ಕನ್ನಡದ ಶಿಕ್ಷಕರನ್ನೇ ಹುಡುಕಿಕೊಳ್ಳಬಲ್ಲರು. ಆದರೆ ಹಾಗೆ ಹುಡುಕುವಾಗ ಅಂಕಪಟ್ಟಿಯನ್ನು ಮಾತ್ರ ನೋಡುತ್ತಾರೆಂದು ಊರಿನಲ್ಲಿ ಯಾರೂ ನಂಬುವುದಿಲ್ಲ.

ಸಣ್ಣ ಬಾಗಿಲು 179 ದಿನದ್ದು. ಎಂಪ್ಲಾಯ್ಮೆಂಟ್ ಎಕ್ಸ್‌ಚೇಂಜಿನಿಂದ ತಾತ್ಕಾಲಿಕ ನೇಮಕವನ್ನು 180 ದಿನ ಮುಟ್ಟುವ ಮೊದಲು ಮುಗಿಸುವ ರೂಢಿ. ಅದು ನೆಟ್ಟಗಿನ ಹಾದಿ. ಎಲ್ಲೋ ಯಾರನ್ನೋ ತಾತ್ಕಾಲಿಕವೆಂದು ತಂದು ವರ್ಷಗಟ್ಟಲೆ ಇಟ್ಟುಕೊಂಡು ಕೊನೆಗೆ ಕಾಯಂ ಮಾಡುವುದು ವಕ್ರಹಾದಿ, ಕೇರಳದ ರಾಜಕೀಯದಲ್ಲಿ ‘ಹಿಂಬಾಗಿಲ ನೇಮಕ’ ಎಂದೇ ಕುಖ್ಯಾತ. ಇದಕ್ಕೆ ಬೀಗ ಹಾಕಿದ್ದು ಕರ್ನಾಟಕದ ಮೊಕದ್ದಮೆ. 2006ರ ಏಪ್ರಿಲ್‌ನಲ್ಲಿ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸ್ಪರ್ಧೆಯಿಲ್ಲದೆ ಒಳಬಂದವರಿಗೆ ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕಿಲ್ಲ ಎಂದಿತು. ದಿನಗೂಲಿಯವರ ಬದುಕಿಗೆ ಅದು ಕ್ರೂರ ತೀರ್ಪು, ಪಟ್ಟಿಯಲ್ಲಿ ಕಾಯುವವರಿಗೆ ಜೀವದಾನ.

ಮುಂಬಾಗಿಲಿನಿಂದಲೇ ಕಳ್ಳತನ ಆದದ್ದೂ ಇದೆ, ಅದೂ ಕಾಸರಗೋಡಿನ ಹೆಸರಿನಲ್ಲಿ. 2018ರಲ್ಲಿ ಕೇರಳ ಸಶಸ್ತ್ರ ಪೊಲೀಸ್ (ಕೆಎಪಿ) ನಾಲ್ಕನೇ ಬೆಟಾಲಿಯನ್ನಿನ ಕಾನ್‌ಸ್ಟೇಬಲ್ ಹುದ್ದೆಗೆ, ಅಂದರೆ ಕಾಸರಗೋಡಿನ ಪಟ್ಟಿಗೆ, ತಿರುವನಂತಪುರದಲ್ಲಿ ಕೂತು ಪರೀಕ್ಷೆ ಬರೆದ ಮೂವರು ಮೇಲಿನ ರ‍್ಯಾಂಕುಗಳನ್ನು ಹೊಡೆದರು. ಒಂದು, ಎರಡು ಮತ್ತು ಇಪ್ಪತ್ತೆಂಟು. 2019ರಲ್ಲಿ ಬೇರೊಂದು ಇರಿತದ ಪ್ರಕರಣದ ತನಿಖೆ ನಡೆಯುವಾಗ, ಪರೀಕ್ಷೆಯ ಹೊತ್ತಿನಲ್ಲಿ ಇವರಿಗೆ ಎಸ್‌ಎಂಎಸ್ ಮೂಲಕ ಉತ್ತರ ಬರುತ್ತಿತ್ತೆಂಬುದು ಬಯಲಾಯಿತು. ಆಯೋಗ ಅವರನ್ನು ಅನರ್ಹಗೊಳಿಸಿತು. ಇವತ್ತು ಪರೀಕ್ಷೆಯ ಹಾಲಿನ ಬಾಗಿಲಲ್ಲಿ ವಾಚನ್ನೂ ಬಿಚ್ಚಿಡಿ ಎನ್ನುವುದು ಇದರ ಫಲ.

ಕೊನೆಯದಾಗಿ, ಅರ್ಜಿ ಹಾಕುವವರಿಗೂ ಪಟ್ಟಿಯಲ್ಲಿ ಹೆಸರಿರುವವರಿಗೂ ಕೆಲವು ಕೈಗೆ ಸಿಗುವ ವಿಷಯಗಳು. ಅರ್ಜಿ ಹಾಕುವ ಮೊದಲು ಸಾಮಾನ್ಯ ಕ್ಲರ್ಕ್ ಪಟ್ಟಿಗೋ ಕನ್ನಡ-ಮಲಯಾಳ ಬಲ್ಲವರ ಪಟ್ಟಿಗೋ ಎಂದು ನೋಡಿ, ಎರಡಕ್ಕೂ ಅರ್ಹತೆಯಿದ್ದರೆ ಎರಡನ್ನೂ ಬಿಡಬೇಡಿ. ತಾತ್ಕಾಲಿಕ ಉತ್ತರಸೂಚಿ ಬಂದ ಕೂಡಲೇ ಕನ್ನಡ ಪತ್ರಿಕೆಯ ಅನುವಾದದ ತಪ್ಪುಗಳಿಗೆ ಗಡುವಿನೊಳಗೆ ಆಕ್ಷೇಪ ಹಾಕಿ, ಸ್ನೇಹಿತರ ಬಳಿ ಗೊಣಗಿದರೆ ಅಂಕ ಬರುವುದಿಲ್ಲ. ಸಮುದಾಯದ ಹೆಸರು ಸರ್ಟಿಫಿಕೇಟಿನಲ್ಲೂ ತಾಣದಲ್ಲೂ ಒಂದೇ ಥರ ಇರಲಿ. ಪಟ್ಟಿ ಜೀವಂತ ಇರುವಾಗ ಯಾವ ಕಚೇರಿಯಲ್ಲಿ ಎಷ್ಟು ಹುದ್ದೆ ಖಾಲಿಯಾಗಿದೆ, ಅದರಲ್ಲಿ ಎಷ್ಟನ್ನು ಆಯೋಗಕ್ಕೆ ವರದಿ ಮಾಡಿದ್ದಾರೆ ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಬಹುದು. ವರದಿಯಾಗದ ಹುದ್ದೆಗಳನ್ನು ಹೀಗೆ ಹೊರಗೆಳೆದ ರ‍್ಯಾಂಕ್ ಹೋಲ್ಡರ್‌ಗಳು ಕೇರಳದಲ್ಲಿ ಬಹಳ ಮಂದಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಸರಕಾರಿ ಕಚೇರಿಗಳಿಗೆ ಈ ಪತ್ರವನ್ನು ಕನ್ನಡದಲ್ಲೇ ಬರೆಯಬಹುದು. ರಾಜ್ಯದ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಬರೆದರೆ ಅದೇ ಭಾಷೆಯಲ್ಲಿ ಉತ್ತರ ಕೊಡಬೇಕೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ.